ಒಂಬತ್ತು ಅರ್ಜಿ, ಒಂದೇ ಕೈ

ಸೆಪ್ಟೆಂಬರ್ 2, ಸೋಮವಾರ. ಬೆಳಿಗ್ಗೆ 11.10

ಟಿ.ಸಿ. ಪುಸ್ತಕದಿಂದ ಇನ್ನೊಂದು ಹಾಳೆ ಹರಿದೆ. ಮೊಹರು ಒತ್ತಿದೆ. ಸಹಿಗೆ ಒಳಗೆ ಕಳಿಸಿದೆ. ಅಡ್ಮಿಷನ್ ರಿಜಿಸ್ಟರಿನಲ್ಲಿ ಹೆಸರಿನ ಮೇಲೆ ಕೆಂಪು ಗೆರೆ. ಹತ್ತನೆಯ ತರಗತಿಯಿಂದ ಇದು ಆರನೆಯದು. ಜೂನ್‌ನಲ್ಲಿ ಮೂವತ್ತೊಂದು ತಲೆಗಳಿದ್ದವು. ಈಗ ಇಪ್ಪತ್ತೈದು.

ಇಪ್ಪತ್ತೈದೇ ಗಡಿ. ಈ ತಿಂಗಳ ಮೂವತ್ತರಂದು ಸಂಜೆ ಐದಕ್ಕೆ ತಲೆಗಳ ಲೆಕ್ಕ ಮೇಲೆ ಇಲಾಖೆಗೆ ಹೋಗಬೇಕು. ಅಂದು ಒಂದೇ ಒಂದು ತಲೆ ಕಡಿಮೆಯಾದರೂ ನಮ್ಮ ಹತ್ತನೆಯ ತರಗತಿಗೆ ಬೀಗ! ಮಕ್ಕಳೆಲ್ಲ ಸೇತುವೆಯಾಚೆಯ ಶಾಲೆಗೆ, ಎರಡು ಬಸ್ಸು ಬದಲಾಯಿಸಿ. ಅರ್ಧದಷ್ಟು ಹುಡುಗಿಯರು ಆ ಎರಡನೆಯ ಬಸ್ಸು ಹತ್ತುವುದೇ ಇಲ್ಲ. ಬೇಕಾದರೆ ಬರೆದುಕೊಡುತ್ತೇನೆ.

ಇತ್ತ ಫಲಿತಾಂಶ ನೋಡಿದರೆ ಶಾಲೆ ಸಿಂಹಾಸನದ ಮೇಲೆ ಕೂತಿದೆ. ಹೋದ ವರ್ಷ ನೂರಕ್ಕೆ ಅರವತ್ತೊಂದು. ಈ ವರ್ಷ ತೊಂಬತ್ತನಾಲ್ಕು. ಇಂಥ ಶಾಲೆ ಬಿಟ್ಟು ಯಾರಾದರೂ ಓಡುತ್ತಾರೆಯೇ? ಓಡುತ್ತಿಲ್ಲ. ಯಾರೋ ಓಡಿಸುತ್ತಿದ್ದಾರೆ. ಅಪ್ಪನ ನಾಟಕ ಕಂಪನಿಯ ಬಣ್ಣದ ಮನೆಯಲ್ಲಿ ತೊಟ್ಟಿಲು ತೂಗಿಸಿಕೊಂಡವನು ನಾನು. ಪರದೆ ಅಲುಗಾಡಿದರೆ ಹಿಂದೆ ಯಾರ ಕಾಲಿದೆ ಎಂದು ನೋಡುವುದು ರಕ್ತದಲ್ಲೇ ಬಂದಿದೆ.

ಅದೇ ದಿನ, ಮಧ್ಯಾಹ್ನ 3.30

ಫೈಲು ಬಿಚ್ಚಿ ಆರೂ ಅರ್ಜಿಗಳನ್ನು ಮೇಜಿನ ಮೇಲೆ ಹರಡಿದೆ. ಕೆಳಗೆ ಬೇರೆ ಬೇರೆ ಸಹಿ, ಎರಡರಲ್ಲಿ ಹೆಬ್ಬೆಟ್ಟು. ಕಾರಣ ಎಲ್ಲದರಲ್ಲೂ ‘ಮನೆಯ ಪರಿಸ್ಥಿತಿ’. ಮೇಲಿನ ಬರಹ… ದುಂಡಗೆ, ಸಾಲು ಬಾಗದೆ, ಮುತ್ತು ಪೋಣಿಸಿದ ಹಾಗೆ.

ಆರಕ್ಕೆ ಆರೂ ಒಂದೇ ಕೈ!

ಬಾಗಿಲು ಹಾಕಿಕೊಂಡೆ. ಗಂಟೆ ಹೊಡೆಯುವ ಅಮ್ಮ — ಎಲ್ಲರ ಬಾಯಲ್ಲೂ ಗಂಟೆಯಮ್ಮ — ಕಿಟಕಿಯಿಂದ ಇಣುಕಿದಳು.

“ಏನ್ ಸಾರ್, ಮೈಗೆ ಹುಷಾರಿಲ್ವಾ? ಮುಖ ಕೆಂಪಗಾಗಿದೆ.”

“ನೀನು ಏನೂ ನೋಡಿಲ್ಲ.”

“ನೋಡೋಕೆ ಏನಿದೆ ಸಾರ್, ಕಾಗದ ತಾನೇ?”

ಇವಳ ಮೇಲೂ ಒಂದು ಕಣ್ಣಿರಬೇಕು.

ಸೆಪ್ಟೆಂಬರ್ 3, ಮಂಗಳವಾರ

ಸಂಶಯಕ್ಕೆ ಮೂವರು.

ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ. ಶೇಕಡಾ ನೂರು ಎಂಬ ಹುಚ್ಚು. ದಡ್ಡ ಮಕ್ಕಳನ್ನು ಪರೀಕ್ಷೆಗೆ ಮೊದಲೇ ಮೆಲ್ಲಗೆ ಜಾರಿಸಬಹುದು. ಆದರೆ ತರಗತಿಯೇ ಮುಚ್ಚಿದರೆ ಅವರಿಗೇನು ಲಾಭ?

ಎರಡನೆಯವನು ಹಳದಿ ವ್ಯಾನಿನವನು. ಖಾಸಗಿ ಶಾಲೆಯ ವ್ಯಾನು ನಮ್ಮ ಗೇಟಿನೆದುರೇ ಬಂದು ಹಾರ್ನ್ ಹೊಡೆಯುತ್ತದೆ. ತಲೆಯ ಮೇಲೆ ಮೆಣಸು ಅರೆಯುವುದೆಂದರೆ ಇನ್ನೇನು?

ಮೂರನೆಯವರು ಗಣಿತದ ಮೇಷ್ಟ್ರು, ನಾನಿಟ್ಟ ಹೆಸರು ತ್ರಿಕೋನ. ಮುಖವೂ ಹಾಗೇ, ಬುದ್ಧಿಯೂ ಹಾಗೇ, ಮೂರು ಮೂಲೆ. ಕೈಬರಹ ಬೇಕಿತ್ತು. ಸ್ಟಾಫ್ ರೂಮಿಗೆ ಹೋಗಿ ಬಿಳಿ ಹಾಳೆ ಮುಂದಿಟ್ಟೆ.

“ಒಂದು ರಜೆ ಅರ್ಜಿ ಬರೆದುಕೊಡಿ ಮೇಷ್ಟ್ರೇ.”

“ನಾನು ರಜೆ ಕೇಳೇ ಇಲ್ವಲ್ರೀ!”

“ಮುಂದಕ್ಕೆ ಬೇಕಾಗುತ್ತೆ.”

“ಗುಮಾಸ್ತರೇ ಹುಡುಕ್ಕೊಂಡು ಬಂದು ರಜೆ ಹಂಚೋ ಕಾಲ ಬಂತಾ? ಕೊಡಿ, ಕೊಡಿ, ಸೋಮವಾರಕ್ಕೇ ಹಾಕ್ತೀನಿ.”

ಬರೆದರು. ಇರುವೆ ಶಾಯಿಯಲ್ಲಿ ಬಿದ್ದು ಒದ್ದಾಡಿದ ಹಾಗಿದೆ. ಅವರದಲ್ಲ. ಆದರೆ ಬೇರೆಯವರಿಂದ ಬರೆಸಿರಲಾರರು ಎಂದು ಯಾರು ಹೇಳಿದರು? ಅರ್ಜಿಗಳನ್ನು ಬೀರುವಿಗೆ ಹಾಕಿ ಬೀಗದ ಕೈ ಜೇಬಿಗಿಳಿಸಿದೆ.

ಸೆಪ್ಟೆಂಬರ್ 5, ಗುರುವಾರ

ವಾರದ ಪರೀಕ್ಷೆ. ಅದರ ನಡುವೆಯೇ ಏಳನೆಯ ಅರ್ಜಿ. ತಾಯಿಯೊಬ್ಬಳು ಕಿಟಕಿಯೊಳಗೆ ತೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅದೇ ಕೈ.

“ಯಾರಮ್ಮಾ ಬರೆದುಕೊಟ್ಟಿದ್ದು?”

“ಗೊತ್ತಿರೋರು.”

“ಯಾರು ಆ ಗೊತ್ತಿರೋರು?”

“ಗೊತ್ತಿರೋರು ಅಂದ್ರೆ ಗೊತ್ತಿರೋರು ಸಾರ್.” ಸೆರಗು ಬಾಯಿಗಡ್ಡ ಬಂತು. ನಗುತ್ತಿದ್ದಳೋ, ಹೆದರಿದ್ದಳೋ.

ಇಪ್ಪತ್ತನಾಲ್ಕು. ಗಡಿಯಿಂದ ಕೆಳಗೆ ಜಾರಿಬಿಟ್ಟೆವು.

ಸೆಪ್ಟೆಂಬರ್ 7, ಶನಿವಾರ. 12.00

ಎಷ್ಟೇ ಚಿಂತೆಯಿರಲಿ, ಶನಿವಾರದ ವಾಚನ ನಿಲ್ಲಬಾರದು. ಅರವತ್ತೊಂದು ಬಂದ ವರ್ಷ ನಾನೇ ಮೇಡಂಗೆ ಕೊಟ್ಟ ಸಲಹೆ: ಹತ್ತನೆಯವರಿಗೆ ಗುರುವಾರ ಪರೀಕ್ಷೆ, ಶನಿವಾರ ಅಂಗಳದಲ್ಲಿ ಎಲ್ಲರೆದುರು ಅಂಕಗಳ ವಾಚನ, ಮೊದಲನೆಯವರಿಂದ ಕೊನೆಯವರ ತನಕ. ಓದುವವನು ನಾನು. ಇಂಥ ಗಂಟಲು ಈ ಶಾಲೆಯಲ್ಲಿ ಇನ್ನಾರಿಗಿದೆ?

ಇವತ್ತೂ ಮೈಕ್ ಮುಂದೆ ನಿಂತೆ. ಕೆಮ್ಮಿದೆ. ಮುನ್ನೂರು ಮಕ್ಕಳು ಗಪ್‌ಚುಪ್. ಬೀದಿಯಲ್ಲಿ ಸೈಕಲ್ಲುಗಳು ನಿಂತವು. ಮೊದಲ ಹತ್ತು ಹೆಸರಿಗೆ ವೀರರಸ. ನಡುವಿನವರಿಗೆ ಒಂದೊಂದು ತಮಾಷೆ. ಕೊನೆಯವರು ಬಂದಾಗ ದನಿ ತಗ್ಗಿಸಿ, ತಡೆದು, ತಡೆದು… ಆಮೇಲೆ ಸಿಡಿಲು! ನಗು ಅಂಗಳ ತುಂಬಿ ಗೋಡೆ ದಾಟಿತು.

ಜುಲೈನ ವಾಚನ ಮಾತ್ರ ಮರೆಯಲಾಗದ್ದು. ಬೇಕರಿಯವನ ಮಗಳಿಗೆ ಗಣಿತದಲ್ಲಿ ನೂರಕ್ಕೆ ಏಳು. ಎಲ್ಲಿಂದ ಹೊಳೆಯಿತೋ, “ಏಳು ಅಂಕಗಳ ಸಾಮ್ರಾಜ್ಞಿ ದಯಮಾಡಿಸುತ್ತಿದ್ದಾರೆ… ಬಹುಪರಾಕ್!” ಎಂದೆ. ಹತ್ತು ನಿಮಿಷ ಚಪ್ಪಾಳೆ. ಆ ಹುಡುಗಿಯೂ ಬಿಟ್ಟುಹೋದಳು. ಇದ್ದಿದ್ದರೆ ಇವತ್ತು ಇನ್ನೂ ಕಳೆಕಟ್ಟುತ್ತಿತ್ತು.

ಮುಗಿದ ಮೇಲೆ ಮೇಡಂ ಕರೆದರು. “ಇಪ್ಪತ್ತೆಂಟನೇ ತಾರೀಕು ಇಲಾಖೆಯ ದೊಡ್ಡ ಸಾಹೇಬರು ಬರ್ತಿದಾರೆ. ನಿಮ್ಮ ವಾಚನ ನೋಡೋಕೆ. ಎಲ್ಲಾ ಶಾಲೇಲೂ ಶುರು ಮಾಡಿಸ್ತಾರಂತೆ.”

ಅಪ್ಪ ಇರಬೇಕಿತ್ತು.

ಸೆಪ್ಟೆಂಬರ್ 10, ಮಂಗಳವಾರ

ಒಂದೇ ದಿನ ಎರಡು ಅರ್ಜಿ. ಒಟ್ಟು ಒಂಬತ್ತು. ಅದೇ ಕೈ. ಇಪ್ಪತ್ತೆರಡು.

ನಾಲ್ಕೂವರೆಗೆ ಸೈಕಲ್ ಏರಿ ಹಳದಿ ವ್ಯಾನಿನ ಬೆನ್ನು ಹತ್ತಿದೆ. ನೀರಿನ ಟ್ಯಾಂಕು, ಅಂಚೆ ಕಚೇರಿ, ರೈಲ್ವೆ ಗೇಟು. ಗೇಟು ಹಾಕಿತ್ತು. ವ್ಯಾನಿನವನು ಇಳಿದು ನೇರ ನನ್ನ ಬಳಿ ಬಂದ.

“ಏನ್ ಸಾರ್, ಪತ್ತೇದಾರಿಕೆನಾ? ಕನ್ನಡೀಲಿ ಮೂರು ಸ್ಟಾಪಿಂದ ನೋಡ್ತಾ ಇದೀನಿ. ಉಸಿರು ಕಟ್ಟಿ ಬಿದ್ದುಗಿದ್ದೀರಾ.”

“ನಮ್ಮ ಹತ್ತನೇ ಕ್ಲಾಸಿನ ಒಂಬತ್ತು ಮಕ್ಕಳು ಎಲ್ಲಿ?”

“ಹತ್ತಿ ನೋಡಿ.”

ಹತ್ತಿದೆ. ಎಲ್ಲ ಚಿಳ್ಳೆಪಿಳ್ಳೆಗಳು. ಒಂದು ಮಗು ನನ್ನ ಮೀಸೆ ನೋಡಿ ಅಳತೊಡಗಿತು.

“ನಿಮ್ಮ ಸ್ಕೂಲಿನೋರು ಒಬ್ರೂ ಬಂದಿಲ್ಲ ಸಾರ್. ನಮ್ಮ ಮ್ಯಾನೇಜರೂ ಕೇಳ್ತಾರೆ, ಅಲ್ಲಿಂದ ಯಾಕೆ ಬರ್ತಿಲ್ಲ, ಅಷ್ಟು ಚೆನ್ನಾಗಿದೆಯಾ ಅಂತ.”

ಸುಳ್ಳಲ್ಲ. ಹಾಗಾದರೆ ಟಿ.ಸಿ. ಹಿಡಿದು ಒಂಬತ್ತು ಮಕ್ಕಳು ಮಾಯವಾದದ್ದು ಎಲ್ಲಿಗೆ?

ಸೆಪ್ಟೆಂಬರ್ 13, ಶುಕ್ರವಾರ. ಮಧ್ಯಾಹ್ನ 1.45

ಈ ಮಾತು ಇಲ್ಲಿ ಬಿಟ್ಟು ಇನ್ನೆಲ್ಲೂ ಬರೆಯುವ ಹಾಗಿಲ್ಲ.

ಡಬ್ಬಿ ಮರೆತಿದ್ದೆ. ಊಟಕ್ಕೆ ಮನೆಗೆ ಹೋದೆ. ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡಿದ್ದಾಳೆ, ಹೆಂಗಸರು ಬಂದುಹೋಗುವುದು ಹೊಸದಲ್ಲ. ಒಳಗೆ ಕಿಲಕಿಲ ನಗು. ಗಂಟಲು ಸರಿಮಾಡಿಕೊಂಡೆ ಅಷ್ಟೆ. ನಗು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತಿತು. ಒಳಗೆ ಹೋದಾಗ ಹೆಂಡತಿಯೊಬ್ಬಳೇ. ಹಿತ್ತಲ ಬಾಗಿಲು ಇನ್ನೂ ಅಲುಗಾಡುತ್ತಿತ್ತು.

“ಯಾರು ಬಂದಿದ್ದು?”

“ಯಾರೋ. ಕಾಜಾ ಹಾಕೋಕೆ ಕಲೀತಾರೆ.”

“ಚಪ್ಪಲಿ ಬಿಟ್ಟು ಓಡೋ ಅಂಥದ್ದೇನಿತ್ತು?”

“ನೀವು ಊಟ ಮಾಡಿ. ಆರಿಹೋಗುತ್ತೆ.”

ಉಂಡೆ. ಏನು ಉಂಡೆನೋ ತಿಳಿಯದು. ನನ್ನ ಮನೆಯಲ್ಲೇ ನಾನು ಬಂದರೆ ಮಾತು ನಿಲ್ಲುತ್ತದೆ. ಎಷ್ಟು ದಿನದಿಂದ?

ಸೆಪ್ಟೆಂಬರ್ 16, ಸೋಮವಾರ. ಬೆಳಿಗ್ಗೆ 8.00

ಅವಳು ನೀರಿಗೆ ಹೋದಾಗ ಹೊಲಿಗೆಯ ಕೋಣೆ ಹೊಕ್ಕೆ. ಕಳ್ಳನ ಹಾಗೆ, ತುದಿಗಾಲಿನಲ್ಲಿ. ಮಿಷನ್ನಿನ ಮೇಲೆ ಅಳತೆ ಪುಸ್ತಕ ಬಿದ್ದಿತ್ತು. ತೆರೆದೆ. ತೋಳು, ಎದೆ, ಉದ್ದ, ಕುತ್ತಿಗೆ…

ದುಂಡಗೆ. ಸಾಲು ಬಾಗದೆ. ಮುತ್ತು ಪೋಣಿಸಿದ ಹಾಗೆ.

ಇಪ್ಪತ್ತೆರಡು ವರ್ಷ ಸಂಸಾರ. ಊರ ಮೇಷ್ಟ್ರುಗಳ ಅಕ್ಷರವನ್ನೆಲ್ಲ ಸಂಶಯಪಟ್ಟು ನೋಡಿದ ನನಗೆ ಹೆಂಡತಿಯ ಅಕ್ಷರ ಗೊತ್ತಿರಲಿಲ್ಲ. ಅವಳು ನನಗೆ ಬರೆದದ್ದೇ ಇಲ್ಲ. ಬರೆಯಲು ನಾನು ಬಿಟ್ಟದ್ದೂ ಇಲ್ಲ, ಎಲ್ಲ ನಾನೇ ಹೇಳುತ್ತಿದ್ದೆ.

ಬಿಂದಿಗೆ ಹೊತ್ತು ಬಂದಳು. ಪುಸ್ತಕ ಎತ್ತಿ ಹಿಡಿದೆ. ನಾಟಕದ ನಾಲ್ಕನೆಯ ಅಂಕದ ಕೊನೆಯ ದೃಶ್ಯದ ಹಾಗೆ, “ಇದೇನಿದು?” ಎಂದು ಗುಡುಗಿದೆ.

“ಅಳತೆ.” ಬಿಂದಿಗೆ ಇಳಿಸಿದಳು. “ಅರ್ಜಿ ವಿಷಯ ಕೇಳ್ತಿದೀರಾ? ಹೂಂ, ನಾನೇ ಬರ್ಕೊಟ್ಟಿದ್ದು. ಒಂಬತ್ತೂ.”

“ನನ್ನ ಶಾಲೆ ಮುಚ್ಚಿಸೋಕೆ?”

“ನಿಮ್ಮ ಬಾಯಿಂದ ತಪ್ಪಿಸ್ಕೊಳ್ಳೋಕೆ.”

ನಾನು ನಕ್ಕೆ. ಅವಳು ನಗಲಿಲ್ಲ.

“ಶನಿವಾರ ಹತ್ತು ಗಂಟೆಗೆ ನಿಮ್ಮ ಮೈಕು ಇಲ್ಲೀ ತನಕ ಕೇಳ್ಸುತ್ತೆ ರೀ. ನಾನು ಮಿಷನ್ ಜೋರಾಗಿ ತುಳೀತೀನಿ, ಕೇಳಿಸ್ಬಾರ್ದು ಅಂತ. ಆ ತಾಯಂದ್ರು ಏನು ತುಳೀತಾರೆ? ಶುಕ್ರವಾರ ಬಂತು ಅಂದ್ರೆ ಒಂದು ಹುಡುಗಿಗೆ ಜ್ವರ ಬರೋದು. ಬೇಕರಿಯವ್ರ ಮಗಳು ಅಂಗಡಿ ಮುಂದೆ ಕೂರೋದೇ ಬಿಟ್ಟಳು. ಸ್ಕೂಲಿಗೆ ಹೋಗಲ್ಲ ಅಂದ್ರು. ಅಮ್ಮಂದ್ರಿಗೆ ಬರೆಯೋಕೆ ಬರಲ್ಲ. ಬರೆಯೋಕೆ ಬರೋರಿಗೂ ಏನಂತ ಬರೀಬೇಕೋ ತಿಳೀಲಿಲ್ಲ. ನಾನು ಬರ್ಕೊಟ್ಟೆ.”

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ. ಜುಲೈನಲ್ಲಿ. ಎಷ್ಟು ಹೊತ್ತು ಚಪ್ಪಾಳೆ ಬಿತ್ತು ಅಂತ ಹೇಳ್ತಾ ಇದ್ರಿ ನೀವು.”

ಸೆಪ್ಟೆಂಬರ್ 17, ಮಂಗಳವಾರ

ಹೆಂಗಸರ ಮಾತು, ಇಲ್ಲದ್ದನ್ನು ಇದ್ದಂತೆ ಮಾಡುತ್ತಾರೆ, ಮೈಕ್ ಬಂದ ಮೇಲೆ ತಾನೇ ಶಾಲೆ ಏರಿದ್ದು ಎಂದು ರಾತ್ರಿಯಿಡೀ ನನ್ನೊಳಗೇ ವಾದಿಸಿದ್ದೆ. ಬೆಳಿಗ್ಗೆ ಹಳೆಯ ಫಲಿತಾಂಶದ ಹಾಳೆ ತೆಗೆದೆ. ಶೇಕಡಾವಾರು ಬಿಟ್ಟು ತಲೆಗಳನ್ನು ಎಣಿಸಿದೆ.

ಅರವತ್ತೊಂದರ ವರ್ಷ ಪರೀಕ್ಷೆ ಬರೆದವರು ನಲವತ್ತಾರು, ಪಾಸಾದವರು ಇಪ್ಪತ್ತೆಂಟು. ತೊಂಬತ್ತನಾಲ್ಕರ ವರ್ಷ ಬರೆದವರು ಮೂವತ್ತಮೂರು, ಪಾಸಾದವರು ಮೂವತ್ತೊಂದು.

ಹೆಚ್ಚು ಪಾಸಾದವರು ಮೂರು ಜನ. ಕಾಣೆಯಾದವರು ಹದಿಮೂರು.

ಎರಡು ಸಲ ಎಣಿಸಿದೆ. ಮೂರನೆಯ ಸಲ ತ್ರಿಕೋನ ಮೇಷ್ಟ್ರನ್ನು ಕರೆದು ಎಣಿಸಲು ಕೊಟ್ಟೆ.

“ಇದು ಈಗ ಗೊತ್ತಾಯ್ತಾ ನಿಮ್ಗೆ?” ಎಂದರು. ಚೂರೂ ವ್ಯಂಗ್ಯವಿಲ್ಲದೆ. ಅದೇ ಚುಚ್ಚಿತು.

ಸೆಪ್ಟೆಂಬರ್ 21, ಶನಿವಾರ

ಗಂಟಲು ಕಟ್ಟಿದೆ ಎಂದು ಹೇಳಿದೆ. ವಾಚನ ಇಲ್ಲ.

ಅಂಗಳದ ಮೂಲೆಯಲ್ಲಿ ನಿಂತು ಮಕ್ಕಳನ್ನು ನೋಡಿದೆ. ವಾಚನವಿಲ್ಲ ಎಂದು ಗೊತ್ತಾದ ಕ್ಷಣ ಕೊನೆಯ ಸಾಲಿನ ಏಳೆಂಟು ಮಕ್ಕಳ ಬಿಗಿದ ಹೆಗಲುಗಳು ಸಡಿಲಾದವು. ಒಂದು ವರ್ಷದ ಮೇಲಾಯಿತು, ನಾನು ಮುಂದಿನ ಸಾಲನ್ನೇ ನೋಡಿಕೊಂಡು ಓದಿದ್ದೆ.

ಸೆಪ್ಟೆಂಬರ್ 23, ಸೋಮವಾರ

ಮೇಡಂ ಬಳಿ ಹೋದೆ. ವಾಚನ ನಿಲ್ಲಿಸೋಣ ಎಂದೆ. ಕಾರಣವನ್ನೂ ಹೇಳಿದೆ.

“ಇದು ನಿಮ್ದೇ ಐಡಿಯಾ ಅಲ್ವಾ?”

“ಹೌದು ಮೇಡಂ.”

“ಸಾಹೇಬರಿಗೆ ಪತ್ರ ಹೋಗಿದೆ. ಈಗ ನಿಮಗೆ ಜ್ಞಾನೋದಯ ಆದ್ರೆ ನಾನೇನು ಮಾಡ್ಲಿ? ಶನಿವಾರ ಓದಿ. ಆಮೇಲೆ ಬೇಕಾದ್ರೆ ಮೌನವ್ರತ ಮಾಡಿ.”

“ಇಪ್ಪತ್ತೆರಡೇ ಜನ ಇದ್ದಾರೆ ಮೇಡಂ. ಇನ್ನು ಏಳು ದಿನ.”

ಅವರು ಫೈಲಿನಿಂದ ತಲೆ ಎತ್ತಲಿಲ್ಲ. “ನೀವು ನಿಭಾಯಿಸ್ತೀರಿ ಬಿಡಿ. ದನಿ ಇದೆಯಲ್ಲ.”

ಮುಚ್ಚಿಹೋದರೆ ಬೇರೆಡೆಗೆ ವರ್ಗಾವಣೆ ಸಿಗುತ್ತದೆಂದು ಕಾಯುತ್ತಿದ್ದಾರೆಯೇ? ಗೊತ್ತಿಲ್ಲ. ಇನ್ನೊಬ್ಬರನ್ನು ಸಂಶಯಿಸುವ ಹಕ್ಕು ಈಗ ನನಗೆ ಅಷ್ಟಾಗಿ ಉಳಿದಿಲ್ಲ… ಆದರೂ ಸಂಶಯ.

ಸೆಪ್ಟೆಂಬರ್ 24, ಮಂಗಳವಾರ

ಬೇರೆ ಶಾಲೆಗೆ ಸೇರದವರ ಟಿ.ಸಿ. ವಾಪಸು ಪಡೆದು ರದ್ದು ಮಾಡಬಹುದು. ನಿಯಮ ಇದೆ. ಒಂಬತ್ತರಲ್ಲಿ ಯಾರೂ ಬೇರೆಲ್ಲೂ ಸೇರಿಲ್ಲ. ನನ್ನ ಮಾತನ್ನು ಯಾವ ತಾಯಿಯೂ ನಂಬುವುದಿಲ್ಲ. ಹೆಂಡತಿಯನ್ನೇ ಕಳಿಸಿದೆ. ಸಂಜೆ ಬಂದು ಎರಡು ಟಿ.ಸಿ. ಮೇಜಿನ ಮೇಲಿಟ್ಟಳು.

“ಇಬ್ರು ಬರ್ತಾರೆ. ನನ್ನ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಿದೀನಿ, ಅವ್ರ ಹೆಸರು ಮೈಕಲ್ಲಿ ಬರಲ್ಲ ಅಂತ. ಬಂತು ಅಂದ್ರೆ ನೋಡಿ…”

“ನೋಡಿ ಅಂದ್ರೆ?”

“ನಾನೂ ಒಂದು ಅರ್ಜಿ ಬರೀತೀನಿ.”

ನಗುತ್ತ ಹೇಳಿದಳು. ಪೂರ್ತಿ ನಗುತ್ತಿರಲಿಲ್ಲ. ಇಪ್ಪತ್ತನಾಲ್ಕು. ಇನ್ನು ಒಬ್ಬರು.

ಸೆಪ್ಟೆಂಬರ್ 25, ಬುಧವಾರ. ಬೆಳಿಗ್ಗೆ 9.00

ಉಳಿದ ಏಳರಲ್ಲಿ ಆರು ಮನೆಯ ಬಾಗಿಲುಗಳು ಹೆಂಡತಿಯ ಮುಖದ ಮೇಲೇ ಮುಚ್ಚಿದವು. ಉಳಿದದ್ದು ಬೇಕರಿ. ಅಲ್ಲಿಗೆ ನಾನೇ ಹೋಗಬೇಕೆಂದು ಅವಳ ಆಜ್ಞೆ.

“ಬನ್ನಿ ಬನ್ನಿ, ಮೈಕ್ ಸಾರ್!” ಬೇಕರಿಯವನು ಬನ್ನಿನ ಟ್ರೇ ಜೋಡಿಸುತ್ತಲೇ ಅಂದ. “ಏನ್ ಕೊಡ್ಲಿ?”

“ಮಗಳ ಹತ್ತಿರ ಮಾತಾಡಬೇಕಿತ್ತು.”

“ಒಳಗಿದ್ದಾಳೆ. ಬರಲ್ಲ.”

ಆಗಲೇ ಒಂದು ಪುಟ್ಟ ಹುಡುಗಿ, ನಾಲ್ಕೋ ಐದೋ ವರ್ಷ, ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ಕೇಳಿತು: “ಮಾಮಾ, ಸಾಮ್ರಾಜ್ಞಿ ಅಕ್ಕ ಇಲ್ವಾ?”

ಬೇಕರಿಯವನು ಆ ಮಗುವಿಗೆ ಬಿಸ್ಕತ್ತು ಕೊಟ್ಟು ಕಳಿಸಿದ. ಕೈ ಒರೆಸಿಕೊಂಡ.

“ನೋಡಿದ್ರಾ ಸಾರ್? ಆ ಮಗು ನಿಮ್ಮ ಮೈಕು ಕೇಳಿಲ್ಲ. ಶಾಲೆಗೇ ಸೇರಿಲ್ಲ. ನನ್ನ ಮಗಳ ನಿಜವಾದ ಹೆಸರು ಹೇಳು ಅಂದ್ರೆ ಅದಕ್ಕೆ ಗೊತ್ತಿಲ್ಲ. ನಾವು ಹೆಸರಿಡೋಕೆ ಹನ್ನೆರಡು ದಿನ ಯೋಚನೆ ಮಾಡಿದ್ವಿ. ನಿಮಗೆ ಎಷ್ಟು ಹೊತ್ತು ಹಿಡೀತು?”

ಮೂವತ್ತರ ಸಂಜೆ ಐದರೊಳಗೆ ಟಿ.ಸಿ. ತಂದುಕೊಟ್ಟರೆ ಸಾಕು ಎಂದಷ್ಟೇ ಹೇಳಿ ಸೈಕಲ್ ಏರಿದೆ.

ಸೆಪ್ಟೆಂಬರ್ 28, ಶನಿವಾರ. ಮಧ್ಯಾಹ್ನ

ಸಾಹೇಬರು ಬಂದರು. ಕುರ್ಚಿ, ಮೇಜು, ಹೂದಾನಿ. ಮೇಡಂ ಕೈಯಲ್ಲಿ ಗುರುವಾರದ ಅಂಕಪಟ್ಟಿ. ನನ್ನ ಕೈಗೆ ಕೊಡುವಾಗ ಅವರ ಕಣ್ಣು, ನಾಟಕದಲ್ಲಿ ವಿಷದ ಬಟ್ಟಲು ಕೊಡುವವರ ಕಣ್ಣು.

ಹಿಂದಿನ ಸಾಲಿನಲ್ಲಿ, ಟಿ.ಸಿ. ಮರಳಿಸಿ ಬಂದ ಆ ಇಬ್ಬರು. ಒಬ್ಬಳು ಇನ್ನೊಬ್ಬಳ ಬೆರಳು ಹಿಡಿದಿದ್ದಳು.

ಮೊದಲ ಹತ್ತು ಹೆಸರು ಓದಿದೆ. ಸಾಹೇಬರು ತಲೆದೂಗಿದರು. ಪಟ್ಟಿ ಮಡಚಿದೆ. “ಇಲ್ಲಿಗೆ ಮುಗಿಯಿತು.”

“ಇನ್ನೂ ಹದಿನಾಲ್ಕು ಹೆಸರಿದೆ ಸಾರ್,” ಎಂದು ಮೇಡಂ ಸಾಹೇಬರಿಗೆ ನಗುಮುಖ ತೋರಿಸಿ ನನ್ನ ಕೈಯಿಂದ ಪಟ್ಟಿ ಸೆಳೆದರು. ಮೈಕ್ ತಮ್ಮತ್ತ ಎಳೆದುಕೊಂಡರು. ಅಂಗಡಿಯ ಸಾಮಾನು ಪಟ್ಟಿ ಓದುವ ಹಾಗೆ ಶುರುಮಾಡಿದರು. ಹನ್ನೊಂದು. ಹನ್ನೆರಡು. ಆ ಇಬ್ಬರ ಹೆಸರು ಕೊನೆಯಲ್ಲಿವೆ ಎಂದು ನನಗೆ ಗೊತ್ತು.

ಏನು ಮಾಡಲಿ? ಮೈಕ್ ಅವರದು. ಗಂಟಲು ನನ್ನದು. ಹೊಟ್ಟೆಯಿಂದ ಎತ್ತಿದೆ:

“ಸಾವ… ಧಾನ್!”

ಮುನ್ನೂರು ಜೊತೆ ಕಾಲು ಒಂದೇ ಏಟಿಗೆ ಕೂಡಿದವು. ಮೇಡಂ ಬೆಚ್ಚಿ ಸಾಲು ತಪ್ಪಿದರು. ಮತ್ತೆ ಹುಡುಕಿ ಬಾಯಿ ತೆರೆದರು.

“ವಿಶ್ರಾಮ್!”

ಧಡ್. ಅವರು ಬಾಯಿ ತೆರೆದಾಗೆಲ್ಲ ನಾನು. ಸಾವಧಾನ್, ವಿಶ್ರಾಮ್, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಅಲ್ಲಿಂದಾಚೆ ಒಂದು ಹೆಸರೂ ಗೋಡೆ ದಾಟಲಿಲ್ಲ. ತ್ರಿಕೋನ ಮೇಷ್ಟ್ರು ಕಿಟಕಿಯಲ್ಲಿ ಗಂಟೆಯಮ್ಮನಿಗೆ ಕೈಸನ್ನೆ ಮಾಡಿದರು. ಪುಣ್ಯಾತ್ಗಿತ್ತಿ, ಹನ್ನೊಂದಕ್ಕೆ ಹೊಡೆಯಬೇಕಾದ ಗಂಟೆಯನ್ನು ಹತ್ತೂ ಇಪ್ಪತ್ತಕ್ಕೇ ಹೊಡೆದಳು. “ತರಗತಿಗಳಿಗೆ… ನಡೆ!” ಅಂಗಳ ಖಾಲಿ.

ಸಾಹೇಬರು ಎದ್ದರು. “ದನಿ ಚೆನ್ನಾಗಿದೆ. ನಡತೆ ಸರಿಯಿಲ್ಲ.” ಮೆಮೋ ಬರುತ್ತದೆ. ಬರಲಿ.

ಸೆಪ್ಟೆಂಬರ್ 30, ಸೋಮವಾರ. 3.15

ಮೆಮೋ ಬಂತು. ಏಳು ದಿನದಲ್ಲಿ ಉತ್ತರ ಕೊಡಬೇಕಂತೆ. ಬದಿಗಿಟ್ಟೆ. ಲೆಕ್ಕದ ನಮೂನೆ ತುಂಬಿ ಇಟ್ಟಿದ್ದೇನೆ, ಒಂದು ಚೌಕ ಬಿಟ್ಟು. ಈಗಲೂ ಇಪ್ಪತ್ತನಾಲ್ಕು. ಮೇಡಂ ಎರಡು ಸಲ ಬಂದು ನೋಡಿಹೋದರು.

4.48

ಬಂದಿದ್ದಾಳೆ.

ಬೇಕರಿಯವನು ಗೇಟಿನ ಹೊರಗೇ ಸ್ಕೂಟರ್ ಮೇಲೆ. ಇವಳೊಬ್ಬಳೇ ಒಳಗೆ. ಕೈಯಲ್ಲಿ ಟಿ.ಸಿ., ಎರಡು ಮಡಿಕೆ. ಕಿಟಕಿಯೊಳಗೆ ತೂರಿಸಲಿಲ್ಲ. ಬಾಗಿಲಿಂದಲೇ ಬಂದು ನನ್ನ ಮೇಜಿನ ಮುಂದೆ ನಿಂತಳು. ನಾನೂ ಎದ್ದೆ. ಯಾಕೆಂದು ಗೊತ್ತಿಲ್ಲ.

“ಶನಿವಾರ ಗೋಡೆಯಾಚೆ ನಿಂತಿದ್ದೆ ಸಾರ್. ಕೊನೆಯವ್ರ ಹೆಸರು ಒಂದೂ ಕೇಳಿಸ್ಲಿಲ್ಲ.”

“ಹೂಂ.”

“ಟಿ.ಸಿ. ಕೊಡೋದೋ ಬೇಡ್ವೋ, ಇನ್ನೂ ಗೊತ್ತಿಲ್ಲ. ಮೊದ್ಲು ನೀವು ಒಂದ್ಸಲ ನನ್ನ ಹೆಸರು ಕರೀರಿ. ಹಾಜರಿ ಕರೆಯೋ ಹಾಗೆ. ಸುಮ್ನೆ.”

ಒಂದು ನಿಮಿಷ ಕೂತಿರಮ್ಮಾ ಎಂದೆ. ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಏನೋ ಕಚೇರಿ ಕೆಲಸ ಮಾಡುವವನ ಹಾಗೆ ಇದನ್ನು ಗೀಚುತ್ತಿದ್ದೇನೆ. ಅವಳು ನನ್ನನ್ನು ನೋಡುತ್ತಿದ್ದಾಳೆ. ಅವಳಿಗಿನ್ನೂ ಸಂಶಯ. ಇರಬೇಕಾದ್ದೇ. ನನಗೂ ಇದೆ, ಈ ಗಂಟಲಿನ ಮೇಲೆ: ಬಾಯಿ ತೆರೆದರೆ ಏನು ಹೊರಬೀಳುತ್ತದೋ. ಮೂರು ಅಕ್ಷರದ ಹೆಸರು. ಎರಡು ಸಲ ಒಳಗೇ ಹೇಳಿಕೊಂಡೆ. ಎರಡು ಸಲವೂ ಸಭೆಗೆ ಹೇಳಿದ ಹಾಗಾಯಿತು. ಇನ್ನೂ ಕೆಳಗೆ. ಇನ್ನೂ. ಒಬ್ಬರಿಗೆ ಮಾತ್ರ ಕೇಳುವಷ್ಟು.

ಐದಕ್ಕೆ ಎಂಟು ನಿಮಿಷ ಇದೆ. ಪೆನ್ನು ಇಡುತ್ತೇನೆ. ಎದ್ದು, ಅವಳ ಕಡೆ ತಿರುಗಿ, ಮೆಲ್ಲಗೆ —